ಕ್ರಿಸ್‌ಮಸ್ ಮರಕ್ಕೆ ಅಚ್ಚೊತ್ತಿದ ಕ್ಲೇ ಬಿಲ್ಲೆಗಳು

ಅಡುಗೆ ಸೋಡಾ, ಕಾರ್ನ್‌ಫ್ಲೋರ್, ನೀರು. ಕ್ರಿಸ್‌ಮಸ್ ಮರಕ್ಕೆ ಕಟ್ಟುವ ಬಿಲ್ಲೆಗಳಿಗೆ ಇಷ್ಟೇ ಸಾಕು. ಮೈದಾಗೆ ಉಪ್ಪು ಬೆರೆಸಿ ಮಾಡುವವರೂ ಇದ್ದಾರೆ. ಆದರೆ ಅದರ ಮೈ ತರಿತರಿ, ಗಾಳಿಯ ತೇವ ಹೀರಿ ಮೆತ್ತಗಾಗುವುದೂ ಉಂಟು. ಸೋಡಾ ಕ್ಲೇ ಒಣಗಿದ ಮೇಲೆ ಬೆಳ್ಳಗೆ, ನುಣ್ಣಗೆ ಇರುತ್ತದೆ. ಕೂದಲೆಳೆಯಂಥ ಗೆರೆಯೂ ಮೂಡಬೇಕು ಅಂದರೆ ಇದೇ ಸರಿ.

ಎರಡು ಕಪ್ ಸೋಡಾ, ಒಂದು ಕಪ್ ಕಾರ್ನ್‌ಫ್ಲೋರ್, ಒಂದೂಕಾಲು ಕಪ್ ತಣ್ಣೀರು. ಒಲೆ ಹಚ್ಚುವ ಮೊದಲೇ ಗಂಟಿಲ್ಲದಂತೆ ಕದಡಿ. ಮಧ್ಯಮ ಉರಿಯಲ್ಲಿಟ್ಟು ಕೈಬಿಡದೆ ತಿರುಗಿಸಿ. ಸ್ವಲ್ಪ ಹೊತ್ತು ಏನೂ ಆಗುತ್ತಿಲ್ಲ ಅನಿಸುತ್ತದೆ. ಗುಳ್ಳೆ ಬರಲು ಶುರುವಾದರೆ ದಿಢೀರನೆ ಗಟ್ಟಿಯಾಗುತ್ತದೆ. ಪಾತ್ರೆಯ ಅಂಚು ಬಿಟ್ಟು ಮುದ್ದೆಯಾಗಿ, ಮೇಲಿನ ನೀರಿನ ಹೊಳಪು ಹೋದ ಕೂಡಲೇ ಇಳಿಸಿಬಿಡಿ. ಜಾಸ್ತಿ ಬೆಂದರೆ ಒಣಗುವಾಗ ಬಿರುಕು ಬಿಡುತ್ತದೆ. ಒದ್ದೆ ಬಟ್ಟೆ ಮುಚ್ಚಿ ಆರಿಸಿ, ಆಮೇಲೆ ಚೆನ್ನಾಗಿ ನಾದಿ. ಕಿವಿಹಾಲೆಯಷ್ಟು ಮೆತ್ತಗಾದರೆ ಹದ ಬಂತು ಅಂತ ಲೆಕ್ಕ.

ಎರಡು ಬಟರ್ ಪೇಪರ್ ನಡುವೆ ಇಟ್ಟು 5ರಿಂದ 6 ಮಿ.ಮೀ. ದಪ್ಪಕ್ಕೆ ಲಟ್ಟಿಸಿ.

ಈಗ ಅಚ್ಚು. ಮೊದಲು ಒತ್ತಬೇಕು, ಆಮೇಲೆ ಕತ್ತರಿಸಬೇಕು. ಕತ್ತರಿಸಿದ ಬಿಲ್ಲೆಯ ಮೇಲೆ ಒತ್ತಿದರೆ ಕ್ಲೇ ಪಕ್ಕಕ್ಕೆ ಸರಿದು ದುಂಡು ಆಕಾರ ಸೊಟ್ಟಗಾಗುತ್ತದೆ. ರಬ್ಬರ್ ಸ್ಟ್ಯಾಂಪಿಗೆ ಬ್ರಷ್‌ನಿಂದ ಒಂಚೂರು ಕಾರ್ನ್‌ಫ್ಲೋರ್ ಸವರಿದರೆ ಅಂಟುವುದಿಲ್ಲ. ನೇರವಾಗಿ ಒತ್ತಿ, ನೇರವಾಗಿ ಎತ್ತಿ. ಅತ್ತಿತ್ತ ಅಲುಗಿಸಿದರೆ ಗೆರೆ ಎರಡೆರಡಾಗಿ ಕಾಣುತ್ತದೆ. ಸ್ಟ್ಯಾಂಪ್ ಇಲ್ಲವಾ? ಲೇಸ್ ತುಂಡು, ದಪ್ಪ ಗುಂಡಿ, ಎಲೆ, ಏನಾದರೂ ಆದೀತು. ನನಗಂತೂ ಜರೀಗಿಡದ ಎಲೆಯೇ ಎಲ್ಲಕ್ಕಿಂತ ಇಷ್ಟ. ನರ ಎದ್ದಿರುವ ಹಿಂಬದಿ ಕೆಳಗೆ ಬರುವಂತೆ ಇಟ್ಟು, ಲಟ್ಟಣಿಗೆಯನ್ನು ಒಂದೇ ಸಲ ಉರುಳಿಸಿ, ತೊಟ್ಟು ಹಿಡಿದು ನಿಧಾನವಾಗಿ ಎತ್ತಿ. ಒಂದೊಂದು ಕವಲೂ, ಅದರ ನಡುವಿನ ಸಣ್ಣ ನರವೂ ಕ್ಲೇಯಲ್ಲಿ ಉಳಿದಿರುತ್ತದೆ.

ಕುಕೀ ಕಟರ್‌ನಿಂದ ಕತ್ತರಿಸಿ, ಸ್ಟ್ರಾದಿಂದ ತೂತು ಮಾಡಿ. ತೂತು ಅಂಚಿಗೆ ತೀರಾ ಹತ್ತಿರವಾದರೆ ದಾರ ಕಟ್ಟುವಾಗಲೇ ಮುರಿಯುತ್ತದೆ. 5 ಮಿ.ಮೀ. ಆದರೂ ಒಳಗಿರಲಿ.

ಒಣಗಿಸುವಾಗ ಅವಸರ ಬೇಡವೇ ಬೇಡ. ಮೇಲ್ಭಾಗ ಬೇಗ ಒಣಗಿ ಕುಗ್ಗುತ್ತದೆ, ಕೆಳಗೆ ಇನ್ನೂ ಹಸಿ ಇರುತ್ತದೆ. ಅಂಚು ಮೇಲೇಳುವುದು ಅದಕ್ಕೇ. ಬಿಸಿಲು, ಫ್ಯಾನ್ ಗಾಳಿ ಎರಡೂ ಬೇಡ. ತಂತಿ ಜಾಲರಿಯ ಮೇಲಿಟ್ಟು ಕೆಲವು ಗಂಟೆಗೊಮ್ಮೆ ಮಗುಚಿ ಹಾಕುತ್ತಿರಿ. ಒಂದೆರಡು ದಿನದಲ್ಲಿ ಗಟ್ಟಿಯಾಗುತ್ತವೆ. ಓವನ್ ಇದ್ದರೆ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಒಂದು ಗಂಟೆ ಇಟ್ಟು, ನಡುವೆ ಒಮ್ಮೆ ತಿರುಗಿಸಿ.

ಅಂಚನ್ನು ನಯವಾದ ಮರಳು ಕಾಗದದಿಂದ ಉಜ್ಜಿ. ಅಚ್ಚಿನ ಮೇಲೆ ಮಾತ್ರ ಉಜ್ಜಬೇಡಿ. ಬಣ್ಣ ಬೇಕಿದ್ದರೆ ಮೊದಲು ತೆಳುವಾಗಿ ವಾರ್ನಿಶ್ ಬಳಿದು ಒಣಗಿಸಿ. ಆಮೇಲೆ ನೀರು ಬೆರೆಸಿದ ಕಡು ಅಕ್ರಿಲಿಕ್ ಬಣ್ಣ ಸವರಿ, ಒದ್ದೆ ಬಟ್ಟೆಯಿಂದ ತಕ್ಷಣ ಒರೆಸಿ. ಮೇಲಿನ ಬಣ್ಣ ಹೋಗಿ ಗೆರೆಯೊಳಗಿನದು ಮಾತ್ರ ನಿಲ್ಲುತ್ತದೆ. ಇಡೀ ಬಿಲ್ಲೆಗೆ ಬಣ್ಣ ತುಂಬುವುದಕ್ಕಿಂತ ಇದು ಎಷ್ಟೋ ಚೆಂದ.

ಇವು ತಿನ್ನುವ ವಸ್ತುವಲ್ಲ. ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ಮಗುವೋ ನಾಯಿಯೋ ಇದ್ದರೆ ಮೇಲಿನ ಕೊಂಬೆಗೇ ಕಟ್ಟಿ. ಹಬ್ಬ ಮುಗಿದ ಮೇಲೆ ಒಂದೊಂದನ್ನೂ ಕಾಗದದಲ್ಲಿ ಸುತ್ತಿ, ತೇವ ತಾಗದ ಡಬ್ಬಿಯಲ್ಲಿಡಿ.