ಮಾರಿದ್ದೆಷ್ಟು, ಇಟ್ಟದ್ದೆಷ್ಟು?

ನಮ್ಮ ತೋಟ ಆಲ್ದೂರಿನ ಹತ್ತಿರ. ಕಾಫಿಯನ್ನು ಗೋದಾಮಿಗೆ ಹಾಕಿಟ್ಟು, ದರ ಏರಿದ ದಿನ ರೇಟು ಕಟ್ಟಿಸಿ ಮಾರುವುದು ನಮ್ಮ ಕಡೆಯ ವಾಡಿಕೆ. ನಾನೂ ಚಿಕ್ಕಮಗಳೂರಿನ ಒಂದು ಕಂಪನಿಗೆ ಹಾಗೆಯೇ 200 ಮೂಟೆ ಪಾರ್ಚ್‌ಮೆಂಟ್ (ಒಳಸಿಪ್ಪೆ ಸಮೇತ ಒಣಗಿಸಿದ ಕಾಫಿ ಬೀಜ) ಹಾಕಿದ್ದೆ. 120 ಮೂಟೆಗೆ ರೇಟು ಕಟ್ಟಿಸಿ ಬಿಲ್ಲೂ ಆಗಿತ್ತು, ಹಣ ಮಾತ್ರ ಬಂದಿರಲಿಲ್ಲ. ಉಳಿದ 80 ದಾಸ್ತಾನಿನಲ್ಲಿತ್ತು.

ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಗಿದೆ ಎಂಬ ಪ್ರಕಟಣೆಯನ್ನು ಪತ್ರಿಕೆಯಲ್ಲಿ ನೋಡಿದವನೇ ಬಾಡಿಗೆ ಲಾರಿ ಹಿಡಿದು ಗೋದಾಮಿಗೆ ಹೋದೆ. ಗೇಟಿನಿಂದಲೇ ವಾಪಸ್. 2016ರ ದಿವಾಳಿ ಸಂಹಿತೆಯ ಸೆಕ್ಷನ್ 14ರ ಮೊರಟೋರಿಯಂ (ತಾತ್ಕಾಲಿಕ ತಡೆ) ಜಾರಿಯಾದರೆ ಹೊಸ ದಾವೆ ಹೂಡುವಂತಿಲ್ಲ, ಕಂಪನಿಯ ವಶದಲ್ಲಿರುವ ನಮ್ಮದೇ ಮಾಲನ್ನೂ ಎತ್ತುವಂತಿಲ್ಲವಂತೆ. ಲಾರಿ ಬಾಡಿಗೆ ದಂಡ.

ವಕೀಲರು ಕೇಳಿದ ಮೊದಲ ಪ್ರಶ್ನೆ: ‘ಮಾರಿದ್ದೆಷ್ಟು, ಇಟ್ಟದ್ದೆಷ್ಟು?’

ಮಾರಿದ 120 ಮೂಟೆಯ ಬಾಕಿ ಕೇಳಲು ಹಕ್ಕುಕೋರಿಕೆಯ ನಮೂನೆ ‘ಬಿ’ ತುಂಬಿದೆವು. ಕಂಪನಿಯ ಆಡಳಿತ ವಹಿಸಿಕೊಳ್ಳುವ ದಿವಾಳಿ ವೃತ್ತಿಪರರು ನೇಮಕವಾದ ದಿನದಿಂದ 14 ದಿನದೊಳಗೆ ಅದು ಅವರ ಕೈ ಸೇರಬೇಕು. ನಾನು ಎಚ್ಚೆತ್ತಾಗ ಆರು ದಿನ ಕಳೆದಿತ್ತು. ಬಿಲ್ಲು, ಬ್ಯಾಂಕ್ ವಿವರ ಲಗತ್ತಿಸಿ ಕಳುಹಿಸಿದೆ. ಕಂಪನಿಯ ಗತಿ ನಿರ್ಧರಿಸುವ ಸಾಲದಾತರ ಸಮಿತಿಯಲ್ಲಿ ಮತ ಹಾಕುವವರು ಬ್ಯಾಂಕುಗಳು, ನಮ್ಮಂಥವರಲ್ಲ. ಕಂಪನಿಯನ್ನು ಮಾರಿ ಹಂಚಿದರೆ ನಮಗೆ ಸಿಗುತ್ತಿದ್ದಷ್ಟನ್ನಾದರೂ ಕೊಡಲೇಬೇಕು ಎಂದು ಕಾನೂನು ಹೇಳುತ್ತದೆ ನಿಜ. ಅಡಮಾನ ಹಿಡಿದವರ ಪಾಲು ಹೋದ ಮೇಲೆ ಆ ‘ಅಷ್ಟು’ ಸೊನ್ನೆಯೂ ಆಗಬಹುದು. ನನಗೆ ರೂಪಾಯಿಗೆ ಹನ್ನೊಂದು ಪೈಸೆ ಬಂತು, ಅದೂ ಒಂದೂವರೆ ವರ್ಷದ ಮೇಲೆ. ಪಕ್ಕದ ತೋಟದವರ ಬಳಿ ಬೌನ್ಸ್ ಆದ ಚೆಕ್ ಇತ್ತು. ಮೊರಟೋರಿಯಂ ಕಂಪನಿಗೆ ಮಾತ್ರ, ನಿರ್ದೇಶಕರಿಗಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿರುವುದರಿಂದ ಅವರು ನಿರ್ದೇಶಕರ ಮೇಲೆ ಚೆಕ್ ಬೌನ್ಸ್ ಕೇಸಿನ ದಾರಿ ಹಿಡಿದರು.

ಇಟ್ಟ 80ರ ಕಥೆಯೇ ಬೇರೆ. ಇನ್ನೊಬ್ಬರು ನಂಬಿ ಇಟ್ಟ ಮಾಲು ಕಂಪನಿಯ ಆಸ್ತಿಯಲ್ಲ ಎಂದು ಸೆಕ್ಷನ್ 18ರ ವಿವರಣೆಯಲ್ಲಿದೆ. ಆದರೆ ಅದನ್ನು ತೋರಿಸಬೇಕಲ್ಲ! ನನ್ನ ಕೈಯಲ್ಲಿ ಇದ್ದದ್ದು ಮಡಚಿ ಮಡಚಿ ಹರಿದ ಒಂದು ಗೋದಾಮು ಚೀಟಿ. ಅದರ ಮೂಲೆಯಲ್ಲಿ ಗುಮಾಸ್ತ ಗೀಚಿದ್ದ: ‘ದಾಸ್ತಾನಿಗೆ. ರೇಟು ಆಗಿಲ್ಲ.’ ಆ ಮೂರು ಪದ ನನ್ನನ್ನು ಉಳಿಸಿದವು. ಪತ್ರ ಬರೆದು, ಚೀಟಿಯ ಪ್ರತಿ ಕೊಟ್ಟು, ಮೂರು ತಿಂಗಳ ನಂತರ ವೃತ್ತಿಪರರ ಸಹಾಯಕನೊಡನೆ ಗೋದಾಮಿನೊಳಗೆ ಮೂಟೆ ಎಣಿಸಿದೆ. ಗೋಣಿಯ ಮೇಲೆ ತೋಟದ ಕೆಂಪು ಗುರುತು ಇದ್ದವು 63. ಅವು ಮನೆಗೆ ಬಂದವು. ಹದಿನೇಳರ ಗುರುತು ತೇವಕ್ಕೆ ಅಳಿಸಿಹೋಗಿತ್ತು. ಅವು ಇನ್ನೂ ತಕರಾರಿನಲ್ಲಿವೆ.

ಈ ಹಂಗಾಮಿನಲ್ಲಿ ಗೋಣಿಯ ಎರಡೂ ಬದಿಗೆ ಪೇಂಟ್ ಹೊಡೆಸಿದ್ದೇನೆ.