ಮಲ್ಪೆಯಿಂದ ಆಗುಂಬೆಗೆ ಎಳೆದ ಗೆರೆ

ಉಡುಪಿಯ ಸಮೀಪದ ಪ್ರೌಢಶಾಲೆಯಲ್ಲಿ ಸಮಾಜವಿಜ್ಞಾನ ಕಲಿಸುವ ನಾನು, ಸಮೋನ್ನತಿ ರೇಖೆಯ (ನಕ್ಷೆಯಲ್ಲಿ ಒಂದೇ ಎತ್ತರದ ಸ್ಥಳಗಳನ್ನು ಸೇರಿಸುವ ಗೆರೆಯ) ಪಾಠವನ್ನು ವ್ಯಾಖ್ಯೆಯಿಂದ ಆರಂಭಿಸದೆ ಮಕ್ಕಳ ಕೈಗೆ ನೇರವಾಗಿ ನಕ್ಷೆಯನ್ನೇ ಕೊಡುತ್ತೇನೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಟೋಪೋಶೀಟುಗಳನ್ನು (ನೆಲದ ಏರಿಳಿತ ತೋರಿಸುವ ನಕ್ಷೆಯ ಹಾಳೆಗಳನ್ನು) ಅಕ್ಕಪಕ್ಕ ಜೋಡಿಸಿ, ಮಲ್ಪೆಯ ಕಡಲತೀರದಿಂದ ಆಗುಂಬೆಯವರೆಗೆ ಸರಳರೇಖೆಯೊಂದನ್ನು ಎಳೆಸುತ್ತೇನೆ. ಸುಮಾರು 45 ಕಿಲೋಮೀಟರಿನ ಈ ನೇರ ದೂರ ನಕ್ಷೆಯ ಮೇಲೆ 90 ಸೆಂಟಿಮೀಟರ್ ಆಗುತ್ತದೆ. ಗೆರೆಯು ಸಮೋನ್ನತಿ ರೇಖೆಗಳನ್ನು ದಾಟುವಲ್ಲೆಲ್ಲ ಎತ್ತರವನ್ನು ಓದಿ, ಗ್ರಾಫ್ ಹಾಳೆಯಲ್ಲಿ ಚುಕ್ಕಿಯಿಟ್ಟು ಸೇರಿಸಿದರೆ ನೆಲದ ಅಡ್ಡಛೇದ ಮೂಡುತ್ತದೆ.

ಮೊದಲು ಎತ್ತರಕ್ಕೂ ಅದೇ ಪ್ರಮಾಣವನ್ನು ಬಳಸಬೇಕೆಂಬುದು ನನ್ನ ಹಟ. ಆಗ ಸುಮಾರು 640 ಮೀಟರ್ ಎತ್ತರದ ಆಗುಂಬೆ 1.3 ಸೆಂಟಿಮೀಟರಿಗಿಂತ ಮೇಲೇಳುವುದಿಲ್ಲ. “ಸರ್, ಘಟ್ಟ ಇಷ್ಟೇನಾ?” ಎಂದು ಹೇರ್‌ಪಿನ್ ತಿರುವುಗಳಲ್ಲಿ ಬಸ್ಸು ಏದುಸಿರು ಬಿಡುವುದನ್ನು ಬಲ್ಲ ಮಕ್ಕಳು ಕೇಳಿಯೇ ಕೇಳುತ್ತಾರೆ. ಎತ್ತರವನ್ನು ಹತ್ತು ಪಟ್ಟು ಹಿಗ್ಗಿಸಿ ಮತ್ತೆ ಬರೆಸುವುದು ಅನಂತರದ ಕೆಲಸ. ಪಠ್ಯಪುಸ್ತಕದ ಚಿತ್ರಗಳಲ್ಲಿ ಪರ್ವತಗಳು ಅಷ್ಟು ಚೂಪಾಗಿ ಕಾಣುವುದೇಕೆಂದು ಆಗ ಯಾರೂ ವಿವರಿಸಬೇಕಾಗುವುದಿಲ್ಲ.

ಘಟ್ಟದ ಬುಡದ ಸೋಮೇಶ್ವರದ ಬಳಿಕ ರೇಖೆಗಳು ಒಂದಕ್ಕೊಂದು ಒತ್ತಿಕೊಂಡಿರುವ, ಅಂದರೆ ನೆಲ ಕಡಿದಾಗಿ ಏರುವ ಜಾಗದಲ್ಲಿ ವಿಜ್ಞಾನದ ಪಾಠ ತಾನಾಗಿ ಒಳಬರುತ್ತದೆ. ತೇವ ಸಾಂದ್ರಗೊಳ್ಳುವವರೆಗೆ, ಮೇಲೇರುವ ಗಾಳಿ ಪ್ರತಿ 1,000 ಮೀಟರಿಗೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ತಣಿಯುತ್ತದೆಂಬ ಲೆಕ್ಕದಲ್ಲಿ 640 ಮೀಟರಿಗೆ ಎಷ್ಟೆಂದು ಮಕ್ಕಳೇ ಕಂಡುಕೊಳ್ಳುತ್ತಾರೆ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಗಾಳಿ ಮೊದಲೇ ತೇವಭರಿತವಾಗಿರುವುದರಿಂದ ಅಷ್ಟು ತಣಿಯುವ ಮುನ್ನವೇ ಮೋಡ ಕಟ್ಟುತ್ತದೆ. ಮೇಜಿನ ಮೇಲೆ ಐಸ್ ನೀರು ತುಂಬಿದ ಸ್ಟೀಲ್ ಲೋಟವಿಟ್ಟು, ಅದರ ಹೊರಮೈಯಲ್ಲಿ ಹನಿಗಳು ಕೂಡಿ ಕೆಳಗಿಳಿಯುವವರೆಗೆ ಕಾಯುತ್ತೇವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುವುದಕ್ಕೂ, ಘಟ್ಟದಾಚೆಯ ಶಿವಮೊಗ್ಗದಲ್ಲಿ ಅದರ ಸಣ್ಣ ಭಾಗವಷ್ಟೇ ಸುರಿಯುವುದಕ್ಕೂ ಇರುವ ನಂಟನ್ನು ಮಕ್ಕಳು ಅದೇ ಅಡ್ಡಛೇದದ ಮೇಲೆ ಬಾಣ ಗುರುತು ಹಾಕಿ ತೋರಿಸುತ್ತಾರೆ.

ನನಗೆ ಹೆಚ್ಚು ಇಷ್ಟವಾಗುವ ಭಾಗ ಪಶ್ಚಿಮದ ಕೊನೆಯದು. ಸೀತಾ ಮತ್ತು ಸ್ವರ್ಣಾ ನದಿಗಳು ಕೋಡಿ ಬೆಂಗ್ರೆಯ ಅಳಿವೆಯನ್ನು ಸೇರುವ ಮುನ್ನ, ರೇಖೆಗಳೇ ವಿರಳವಾದ ತಗ್ಗಿನಲ್ಲಿ ಹರಿಯುತ್ತವೆ. ಇಳಿಜಾರು ಕಡಿಮೆಯಾದಾಗ ನೀರಿನ ವೇಗ ಕುಗ್ಗಿ, ಹೊತ್ತು ತಂದ ಮಣ್ಣು ಮರಳು ತಳಕ್ಕಿಳಿಯುವುದರಿಂದ ಕುದ್ರುಗಳು (ನದಿಯ ನಡುವಿನ ದ್ವೀಪಗಳು) ಬೆಳೆಯುತ್ತವೆ. ಬೇಸಿಗೆಯಲ್ಲಿ ಹೊಳೆಯ ಹರಿವು ಸೊರಗಿದಾಗ ಸಮುದ್ರದ ಭರತದ (ಉಬ್ಬರದ) ಉಪ್ಪುನೀರು ಒಳಕ್ಕೆ ನುಗ್ಗುತ್ತದೆ. ಯಾವ ಬಾವಿಗಳು ಏಪ್ರಿಲ್‌ನಲ್ಲಿ ಉಪ್ಪಾಗಬಹುದೆಂದು ನಕ್ಷೆ ನೋಡಿ ಗುರುತಿಸಲು ಹೇಳಿ, ಬಳಿಕ ಆಯಾ ಮನೆಯವರನ್ನೇ ವಿಚಾರಿಸಿ ಬರಲು ಮಕ್ಕಳನ್ನು ಕಳುಹಿಸುತ್ತೇನೆ. ಊಹೆ ತಪ್ಪಿದ ಬಾವಿಗಳಿಂದಲೇ ಹೆಚ್ಚು ಕಲಿಯಲು ಸಿಗುತ್ತದೆ. ತಗ್ಗಿನಲ್ಲಿದ್ದೂ ನೀರು ಸಿಹಿಯಾಗಿಯೇ ಉಳಿದ ಬಾವಿಗಳ ಕೆಳಗಡೆ ಹೊಳೆಗೆ ಕಿಂಡಿ ಅಣೆಕಟ್ಟು ಇತ್ತು, ಮಳೆಗಾಲ ಮುಗಿದೊಡನೆ ಅದರ ಕಿಂಡಿಗಳಿಗೆ ಹಲಗೆ ಹಾಕಿ ಉಪ್ಪುನೀರನ್ನು ತಡೆಯುತ್ತಿದ್ದರು. ನಮ್ಮ ಹಳೆಯ ಹಾಳೆಯಲ್ಲಿ ಅದರ ಗುರುತಿರಲಿಲ್ಲವಾದ್ದರಿಂದ, ಮಕ್ಕಳು ಅದನ್ನು ಪೆನ್ಸಿಲಿನಲ್ಲಿ ಸೇರಿಸಿ, ಹಲಗೆ ಹಾಕುವ ತಿಂಗಳನ್ನೂ ಪಕ್ಕದಲ್ಲಿ ಬರೆದರು.