ಎರಡು ಟೆರಾಬೈಟ್ ಸಾಕಾಯಿತು: ರೆಟ್ರೋ ಆಟಗಳ ಸಂಗ್ರಹಕ್ಕೆ ಹಾರ್ಡ್ ಡ್ರೈವ್ ಆರಿಸಿದ ನನ್ನ ಅನುಭವ

ರೆಟ್ರೋ ಆಟಗಳ, ಅಂದರೆ ಹಳೆಯ ವಿಡಿಯೊ ಗೇಮ್‌ಗಳ, ಸಂಗ್ರಹಕ್ಕೆ ಎಷ್ಟು ದೊಡ್ಡ ಡ್ರೈವ್ ಬೇಕೆಂದು ಕೇಳಿದರೆ, ಈ ಹವ್ಯಾಸದಲ್ಲಿ ಪಳಗಿದವರು ಸಾಮಾನ್ಯವಾಗಿ ಕೊಡುವ ಉತ್ತರ ಒಂದೇ: ಕೈಲಾದಷ್ಟು ದೊಡ್ಡದು. ಎಂಟು ಟಿಬಿಗಿಂತ ಕಡಿಮೆಯದನ್ನು ಮುಟ್ಟಬೇಡ, ನಾಲ್ಕು ಟಿಬಿ ವರ್ಷದೊಳಗೆ ತುಂಬಿಹೋಗುತ್ತದೆ ಎಂದು ನನಗೂ ಹೇಳಿದ್ದರು. ನಾನು 2 ಟಿಬಿಯ ಡ್ರೈವ್ ಆರಿಸಿಕೊಂಡೆ. ಉಳಿದ ಹಣದಲ್ಲಿ ಅದೇ ಅಳತೆಯ ಇನ್ನೊಂದನ್ನು ಕೊಂಡು ಇಡೀ ಸಂಗ್ರಹದ ಪ್ರತಿ ಮಾಡಿಟ್ಟೆ. ಇದು ಮೂರನೆಯ ವರ್ಷ, ಈಗಲೂ ಸುಮಾರು ಮೂರರಲ್ಲೊಂದು ಪಾಲು ಖಾಲಿಯಿದೆ. ಅಂದು ನಕ್ಕವರಲ್ಲಿ ಇಬ್ಬರು ನನ್ನ ಲೆಕ್ಕದ ಹಾಳೆಯನ್ನು ಕೇಳಿ ಪಡೆದುಕೊಂಡಿದ್ದಾರೆ.

ಕಾರ್ಟ್ರಿಜ್ ಕಾಲದ ಯಂತ್ರಗಳಿಗಾಗಿ ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ. ಸೂಪರ್ ನಿಂಟೆಂಡೊದಲ್ಲಿ ಟೇಲ್ಸ್ ಆಫ್ ಫ್ಯಾಂಟೇಸಿಯಾ, ಸ್ಟಾರ್ ಓಷನ್‌ನಂತಹ ದೈತ್ಯರೇ 6 ಎಂಬಿ. ನಿಂಟೆಂಡೊ 64ರಲ್ಲಿ ರೆಸಿಡೆಂಟ್ ಈವಿಲ್ 2ರಂತಹವು 64 ಎಂಬಿಗೆ ನಿಲ್ಲುತ್ತವೆ. ಡಿಎಸ್ ಆಟಗಳನ್ನೂ ಸೇರಿಸಿ ನನ್ನ ಈ ವಿಭಾಗ 60 ಜಿಬಿಯ ಆಸುಪಾಸಿನಲ್ಲಿದೆ. ಡ್ರೈವಿನ ಅಳತೆಯನ್ನು ನಿರ್ಧರಿಸುವುದು ಡಿಸ್ಕುಗಳು, ಅದರಲ್ಲೂ ಪ್ಲೇಸ್ಟೇಷನ್ 2ರ ಡಿವಿಡಿಗಳು.

ಹೀಗಾಗಿ ನಾನು ಡ್ರೈವ್ ಕೊಳ್ಳುವ ಮೊದಲೇ ಅಳತೆಗೆ ಕುಳಿತೆ. ಪ್ರತಿ ಯಂತ್ರಕ್ಕೆ ನನ್ನ ಕಪಾಟಿನಿಂದ ಹತ್ತು-ಹನ್ನೆರಡು ಡಿಸ್ಕುಗಳನ್ನು ಕಣ್ಣುಮುಚ್ಚಿ ಎತ್ತಿಕೊಂಡು ಡಂಪ್ ಮಾಡಿ (ಡಿಸ್ಕಿನಲ್ಲಿರುವುದನ್ನೆಲ್ಲ ಫೈಲಾಗಿ ನಕಲಿಸಿ), ಹಳೆಯ ಯಂತ್ರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶವಾದ ಎಮ್ಯುಲೇಟರ್ ನೇರವಾಗಿ ಓದಬಲ್ಲ ಸಂಕುಚಿತ ರೂಪಕ್ಕೆ ತಂದು, ಸರಾಸರಿ ತೆಗೆದು, ಒಟ್ಟು ಡಿಸ್ಕುಗಳ ಸಂಖ್ಯೆಯಿಂದ ಗುಣಿಸಿದೆ. ಇಲ್ಲಿ ಆಟಗಳನ್ನಲ್ಲ, ಡಿಸ್ಕುಗಳನ್ನೇ ಎಣಿಸಬೇಕು. ಫೈನಲ್ ಫ್ಯಾಂಟಸಿ 8 ಒಂದೇ ಆಟವಾದರೂ ನಾಲ್ಕು ಸೀಡಿ. ಪ್ಲೇಸ್ಟೇಷನ್‌ನ ಎರಡು ಪೀಳಿಗೆಗಳು, ಪಿಎಸ್‌ಪಿ, ಡ್ರೀಮ್‌ಕಾಸ್ಟ್, ಸ್ಯಾಟರ್ನ್ ಇವಕ್ಕೆಲ್ಲ ಸಿಎಚ್‌ಡಿ ಎಂಬ ಸಂಕುಚಿತ ರೂಪ. ನಿಂಟೆಂಡೊದ ಗೇಮ್‌ಕ್ಯೂಬ್, ವೀ ಎರಡಕ್ಕೂ ಆರ್‌ವಿಝಡ್ ಎಂಬುದು.

ಈ ಅಳತೆಯಲ್ಲಿ ಕಂಡ ವ್ಯತ್ಯಾಸಗಳು ನನಗೇ ಅಚ್ಚರಿ ತಂದವು. ಒಂದು ಪಿಎಸ್2 ಡಿವಿಡಿ ನಾಲ್ಕು ಜಿಬಿ ಮೀರಿದ್ದುದು ಒಂದು ಜಿಬಿಯ ಹತ್ತಿರಕ್ಕೆ ಇಳಿಯಿತು, ಏಕೆಂದರೆ ಅದರ ಬಹುಪಾಲು ಬರಿಯ ಸೊನ್ನೆಗಳ ತುಂಬುವಿಕೆ. ಅದರ ಪಕ್ಕದ್ದು ವಿಡಿಯೊ ದೃಶ್ಯಗಳಿಂದಲೇ ತುಂಬಿದ್ದು, ಆಗಲೇ ಒಮ್ಮೆ ಸಂಕುಚಿತಗೊಂಡ ಆ ದತ್ತಾಂಶ ನೂರಕ್ಕೆ ಐದರಷ್ಟೂ ಕರಗಲಿಲ್ಲ. ಗೇಮ್‌ಕ್ಯೂಬ್‌ನ ಕಥೆ ಬೇರೆಯದು. ಅದರ ಡಿಸ್ಕು ಚಿಕ್ಕ ಆಟದ್ದಾಗಲಿ ದೊಡ್ಡ ಆಟದ್ದಾಗಲಿ, ಡಂಪ್ ಅದೇ 1.46 ಜಿಬಿ ತೂಗುತ್ತದೆ. ಖಾಲಿ ಜಾಗವನ್ನು ಸೊನ್ನೆಗಳ ಬದಲು ಯಾದೃಚ್ಛಿಕವಾಗಿ ತೋರುವ ಕಸದಿಂದ ತುಂಬಿರುವುದರಿಂದ ಜಿಪ್ ಮಾಡಿದರೆ ಅದು ಹೆಚ್ಚು ಕುಗ್ಗುವುದಿಲ್ಲ. ಆ ಕಸ ಯಾವ ಬೀಜದಿಂದ (ಅದನ್ನು ಉತ್ಪಾದಿಸಿದ ಲೆಕ್ಕಾಚಾರದ ಆರಂಭಿಕ ಸಂಖ್ಯೆಯಿಂದ) ಹುಟ್ಟಿತೆಂಬುದನ್ನು ಗುರುತಿಸಿ ಬೀಜವನ್ನಷ್ಟೇ ಉಳಿಸಿಕೊಳ್ಳುವುದು ಆರ್‌ವಿಝಡ್‌ನ ಹೆಚ್ಚುಗಾರಿಕೆ. ಬೇಕೆಂದಾಗ ಮೂಲ ಡಂಪ್ ಒಂದು ಬೈಟೂ ತಪ್ಪದೆ ಮರಳಿ ಸಿಗುತ್ತದೆ.

ನೆನಪಿನಿಂದ ಹೇಳುವುದಾದರೆ, ಪಿಎಸ್1ರ ಇನ್ನೂರು ಡಿಸ್ಕುಗಳು ಸುಮಾರು 80 ಜಿಬಿ, ಪಿಎಸ್2ರ ನೂರೆಂಬತ್ತು ಹತ್ತಿರ ಹತ್ತಿರ 380, ಗೇಮ್‌ಕ್ಯೂಬ್ ಮತ್ತು ವೀ ಸೇರಿ 140, ಉಳಿದ ಡಿಸ್ಕುಗಳು 110. ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಗಳ ಆಟಗಳಿಗೆ 140 ಇಟ್ಟೆ. ಆರ್ಕೇಡ್ ಎಮ್ಯುಲೇಟರ್ ಮೇಮ್‌ನ ಇಡೀ ಸಿಎಚ್‌ಡಿ ರಾಶಿಯನ್ನು ತುಂಬಿಕೊಂಡು ನಂತರ ನಾಲ್ಕು ಟಿಬಿ ಸಾಲದು ಎನ್ನುವವರಿಗೆ ನನ್ನ ಬಳಿ ಉತ್ತರವಿಲ್ಲ. ಆಡುವ ಆಟಗಳದ್ದನ್ನು ಮಾತ್ರ ಇಟ್ಟುಕೊಂಡರೆ ಆ ತೊಂದರೆ ಹುಟ್ಟುವುದೇ ಇಲ್ಲ. ಮೇಲೆ ಕವರ್ ಚಿತ್ರಗಳು, ತುಣುಕು ವಿಡಿಯೊಗಳಿಗೆ 150. ಎನ್‌ಇಎಸ್‌ನಲ್ಲಿ ಆಟ 40 ಕೆಬಿಯದಾದರೆ ಅದರ ತುಣುಕು ವಿಡಿಯೊ ಕೆಲವು ಎಂಬಿ ಇರುವುದನ್ನು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಲ್ಲ ಕೂಡಿ ಒಂದು ಟಿಬಿಗೆ ತುಸು ಹೆಚ್ಚು, ಬೆಳವಣಿಗೆಗೆ ಕಾಲು ಪಾಲು ಸೇರಿಸಿದರೆ 1.3. ಇದೇ ಡಂಪುಗಳನ್ನು ಕುಗ್ಗಿಸದೆ ಇಟ್ಟಿದ್ದರೆ ಒಂದೂವರೆ ದಾಟಿ, ಬೆಳವಣಿಗೆಯ ಪಾಲಿಗೆ 2 ಟಿಬಿಯಲ್ಲಿ ಜಾಗವೇ ಇರುತ್ತಿರಲಿಲ್ಲ.

ಡಬ್ಬದ ಮೇಲಿನ 2 ಟಿಬಿ ಕಂಪ್ಯೂಟರಿನಲ್ಲಿ 1.81 ಎಂದು ಕಾಣುವುದು ಎಲ್ಲರಿಗೂ ಗೊತ್ತು. ಹೆಚ್ಚು ಜನ ಗಮನಿಸದ ಇನ್ನೊಂದು ಸೋರಿಕೆ ಲಿನಕ್ಸ್‌ನ ಫೈಲ್ ವ್ಯವಸ್ಥೆಯಾದ ಇಎಕ್ಸ್‌ಟಿ4ರಲ್ಲಿದೆ: ಅದು ನೂರಕ್ಕೆ ಐದು ಪಾಲನ್ನು ರೂಟ್ ಬಳಕೆದಾರನಿಗೆಂದು (ವ್ಯವಸ್ಥೆಯ ನಿರ್ವಾಹಕ ಖಾತೆಗೆಂದು) ಮೀಸಲಿಡುತ್ತದೆ, ಅಂದರೆ ಸುಮಾರು 90 ಜಿಬಿ ಕಣ್ಣೆದುರೇ ಮಾಯ. ಆಟಗಳನ್ನಷ್ಟೇ ತುಂಬುವ ಡ್ರೈವಿಗೆ ಈ ಮೀಸಲಿನಿಂದ ಪ್ರಯೋಜನವಿಲ್ಲ. ಟ್ಯೂನ್‌2ಎಫ್‌ಎಸ್ ಎಂಬ ಆಜ್ಞೆಯಿಂದ ಅದನ್ನು ಸೊನ್ನೆಗಿಳಿಸಿದಾಗ ಪಿಎಸ್2ರ ನಲವತ್ತು ಆಟಗಳಿಗಾಗುವಷ್ಟು ಜಾಗ ಹಣ ಖರ್ಚಿಲ್ಲದೆ ಬಂತು.

ಇದಕ್ಕೂ ಮೊದಲು ಎಕ್ಸ್‌ಫ್ಯಾಟ್ ಎಂಬ ಇನ್ನೊಂದು ಫೈಲ್ ವ್ಯವಸ್ಥೆಯಲ್ಲಿ ಒಂದು ಸಣ್ಣ ಪ್ರಯೋಗ ನಡೆಸಿದ್ದೆ. ದೊಡ್ಡ ಡ್ರೈವಿನಲ್ಲಿ ಅದರ ಕ್ಲಸ್ಟರ್ (ಒಂದು ಫೈಲಿಗೆ ಕೊಡುವ ಕನಿಷ್ಠ ಜಾಗ) 128 ಕೆಬಿಯಾಗಿರುವುದರಿಂದ 40 ಕೆಬಿಯ ಎನ್‌ಇಎಸ್ ಆಟವೂ 128 ಕೆಬಿಯನ್ನು ನುಂಗುತ್ತದೆ. ಕ್ಲಸ್ಟರನ್ನು ಕಿರಿದಾಗಿಸಿ ಮತ್ತೆಲ್ಲ ತುಂಬಿದೆ. ಸಾವಿರಾರು ಆಟ, ಚಿತ್ರಗಳನ್ನೆಲ್ಲ ಸೇರಿಸಿದರೂ ಉಳಿತಾಯವಾದದ್ದು ಒಂದೆರಡು ಜಿಬಿ. ಒಂದು ರಾತ್ರಿಯ ನಕಲು ಕೆಲಸಕ್ಕೆ ಅದು ತಕ್ಕ ಪ್ರತಿಫಲವಲ್ಲ.

ಹಣ ನಿಜವಾಗಿ ಹೋದದ್ದು ಅಳತೆಯ ವಿಷಯದಲ್ಲಿ ಅಲ್ಲ, ಡ್ರೈವಿನ ಜಾತಿಯಲ್ಲಿ. ಅಗ್ಗಕ್ಕೆ ಸಿಗುವ 2.5 ಇಂಚಿನ ಹೊರ ಡ್ರೈವುಗಳಲ್ಲಿ ಬಹಳಷ್ಟು ಎಸ್‌ಎಂಆರ್ ಬಗೆಯವು, ಅಂದರೆ ದತ್ತಾಂಶದ ಪಟ್ಟಿಗಳನ್ನು ಭಾಗಶಃ ಒಂದರ ಮೇಲೊಂದು ಬರುವಂತೆ ಬರೆಯುವಂಥವು. ನಾನು ತಂದದ್ದು ಮೊದಲು ಸೆಕೆಂಡಿಗೆ 120 ಎಂಬಿಯಂತೆ ಬರೆಯುತ್ತ ಹೋಗಿ, ಒಳಗಿನ ತಾತ್ಕಾಲಿಕ ವಲಯ ತುಂಬಿದೊಡನೆ 15ಕ್ಕೆ ಕುಸಿದು ಅಲ್ಲೇ ಕೂತಿತು. ಓದುವುದರಲ್ಲಿ ಅದಕ್ಕೆ ಯಾವ ಕೊರತೆಯೂ ಇರಲಿಲ್ಲವಾದ್ದರಿಂದ ಅದನ್ನು ಪ್ರತಿಯಿಡುವ ಕೆಲಸಕ್ಕೆ ಹಚ್ಚಿ, ದಿನಬಳಕೆಗೆ ಪಟ್ಟಿಗಳು ಒಂದರ ಮೇಲೊಂದು ಬೀಳದ ಸಿಎಂಆರ್ ಡ್ರೈವ್ ಕೊಂಡೆ. ಅದು ಪುಟ್ಟ ಕಂಪ್ಯೂಟರ್ ಆದ ರಾಸ್ಪ್‌ಬೆರಿ ಪೈ 4ರಲ್ಲಿ ಆಟದ ನಡುವೆ ಕಣ್ಮರೆಯಾಗತೊಡಗಿತು. ಪೈ ತನ್ನ ಯುಎಸ್‌ಬಿ ಕಿಂಡಿಗಳಿಗೆಲ್ಲ ಸೇರಿ ಕೊಡುವುದು 1.2 ಆಂಪಿಯರ್, ಅದರಲ್ಲಿ ಎರಡು ಕಂಟ್ರೋಲರ್‌ಗಳೂ ಪಾಲು ಕೇಳುತ್ತಿದ್ದವು. ಸ್ವಂತ ಅಡಾಪ್ಟರ್ ಇರುವ ಹಬ್ ತಂದ ಮೇಲೆ ಆ ಕಾಟ ತಪ್ಪಿತು. ಹಬ್ಬಿನ ಬೆಲೆಯನ್ನೂ ಕೂಡಿಸಿದರೂ ಎರಡು ಡ್ರೈವುಗಳ ಖರ್ಚು ಒಂದು 8 ಟಿಬಿ ಡ್ರೈವಿನ ಬೆಲೆಯನ್ನು ಮುಟ್ಟಲಿಲ್ಲ.

ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿಗೇ ಹೋಗಬೇಕಿತ್ತೆಂಬ ಮಾತೂ ಕೇಳಿಬಂತು. ಪಿಎಸ್2ರ ಡಿವಿಡಿ ಡ್ರೈವ್ 4ಎಕ್ಸ್ ವೇಗದಲ್ಲಿ ಓದುತ್ತಿದ್ದುದೇ ಸೆಕೆಂಡಿಗೆ 5 ಎಂಬಿ ಚಿಲ್ಲರೆ. ಯಾವ ಹಾರ್ಡ್ ಡ್ರೈವಿಗೂ ಅದು ಭಾರವಲ್ಲ. ಆಟ ಕ್ಷಣಕಾಲ ತಡವರಿಸುವುದು ಡ್ರೈವ್ ನಿದ್ರೆಗೆ ಜಾರಿ ಮತ್ತೆ ತಿರುಗಲು ಆರಂಭಿಸುವಾಗ ಮಾತ್ರ, ಅದಕ್ಕೆ ನಿದ್ರೆಯ ಅವಧಿಯನ್ನು ಹೆಚ್ಚಿಸಿದರಾಯಿತು. ಎಸ್‌ಎಸ್‌ಡಿ ಬೇಕೆನಿಸುವುದು ಪಿಎಸ್3ಕ್ಕೆ. ಒಂದೇ ಪದರದ ಬ್ಲೂ-ರೇ 25 ಜಿಬಿವರೆಗೂ ಹಿಡಿಯುವುದರಿಂದ, ಅವನ್ನು ಈ ಲೆಕ್ಕದೊಳಗೆ ಎಳೆದು ತಂದರೆ ಮಿಕ್ಕೆಲ್ಲ ಯಂತ್ರಗಳ ಸರಾಸರಿಯೂ ಅರ್ಥ ಕಳೆದುಕೊಳ್ಳುತ್ತದೆ. ಹಾಗಾಗಿ ನಾನು ಪಿಎಸ್3ಕ್ಕೆ ಪ್ರತ್ಯೇಕವಾಗಿ ಅರ್ಧ ಟಿಬಿಯ ಎಸ್‌ಎಸ್‌ಡಿ ಇಟ್ಟು, ಆಡಿ ಮುಗಿಸಿದ್ದನ್ನು ಅಳಿಸಿ ಮುಂದಿನದನ್ನು ಹಾಕಿಕೊಳ್ಳುತ್ತೇನೆ.